ಜೋತು ಬಿದ್ದ ಬಟ್ಟೆ ಹಗ್ಗ

ಜವರಮ್ಮನಿಗೆ ಅನುಮಾನ ಎನ್ನುವುದು ಹೊಟ್ಟೆ ಹಸಿವಿನ ಹಾಗೆ, ದಿನಕ್ಕೆ ಎರಡು ಮೂರು ಸಲ ತಪ್ಪದೆ ಆಗುತ್ತಿತ್ತು. ಹಾಲಿನವನು ನೀರು ಬೆರೆಸಿದ್ದಾನೆ. ಕಳಸದ ಬಸ್ಸಿನ ಕಂಡಕ್ಟರ್ ಬೇಕೆಂದೇ ತನ್ನನ್ನು ಸ್ಟಾಪಿನಿಂದ ಮುಂದೆ ಇಳಿಸಿದ್ದಾನೆ. ಎಸ್ಟೇಟಿನ ಕೋಳಿಗಳು ತನ್ನ ಕೊತ್ತಂಬರಿ ಪಾತಿಗೆ ತಾವಾಗಿಯೇ ಬಂದಿಲ್ಲ, ಯಾರೋ ಅಟ್ಟಿದ್ದಾರೆ. ಗಂಡ ಗುರುವಯ್ಯ ಇದಕ್ಕೆಲ್ಲ "ಇರ್ಬೋದು ಮಾರಾಯ್ತಿ" ಎಂದು ಬೀಡಿ ಹಚ್ಚುತ್ತಿದ್ದ. ಮಾತು ಮಾತಿಗೂ ಹೂಂಗುಟ್ಟುವ ಗಂಡನ ಮೇಲೂ ಅವಳಿಗೆ ಒಳಗೊಳಗೇ ಒಂದು ಅನುಮಾನವಿತ್ತು, ಅದು ಬೇರೆ ಮಾತು.

ಹಾಗಾಗಿ ಆ ಮಳೆಗಾಲದಲ್ಲಿ, ಮಳೆ ಬಿಟ್ಟು ಹೊಳವಾದ ಒಂದು ಬೆಳಿಗ್ಗೆ, ಒಗೆದ ಸೀರೆ ಹರವಿದ ಕೂಡಲೇ ಬಟ್ಟೆ ಹಗ್ಗ ಜೋತು ಬಿದ್ದು ಸೀರೆಯ ಅಂಚು ಕೆಸರಿಗೆ ತಾಗಿದಾಗ, ಮೊದಲು ಸಿಕ್ಕಿಬಿದ್ದವನು ಗುರುವಯ್ಯನೇ.

"ನೆಟ್ಟಗೆ ಒಂದು ಗಂಟು ಹಾಕೋಕೂ ಬರಲ್ವಾ ನಿಮಗೆ?"

ಗುರುವಯ್ಯ ಎದ್ದು ಬಂದು, ಗಂಟು ಬಿಚ್ಚಿ, ಹಗ್ಗವನ್ನು ಎಳೆದು ಬಿಗಿದು ಕಟ್ಟಿದ. ನಾಲ್ಕು ದಿನ ಹೋಗಲಿಲ್ಲ, ಹಗ್ಗ ಮತ್ತೆ ಜೋತು ಬಿತ್ತು. ಈ ಸಲ ಜವರಮ್ಮ ತಾನೇ ಕಟ್ಟಿದಳು. ಅದೂ ಸಡಿಲವಾಯಿತು. ಆಗ ಅವಳು ಗಂಟು ನೋಡುವುದನ್ನು ಬಿಟ್ಟು ಹಗ್ಗದ ಆಚೆ ತುದಿಯನ್ನು ನೋಡಿದಳು.

ಹಗ್ಗದ ಒಂದು ತುದಿ ಹಿತ್ತಿಲ ಜಗಲಿಯ ಕಂಬಕ್ಕೆ. ಇನ್ನೊಂದು ತುದಿ ಮನೆಯ ಹಿಂದಿನ ಗುಡ್ಡದಲ್ಲಿ ನಿಂತ ಗಡಿಕಲ್ಲಿಗೆ. ಗಡಿಕಲ್ಲಿಗೆ ಬಟ್ಟೆ ಹಗ್ಗ ಕಟ್ಟುವುದು ಮರ್ಯಾದಸ್ಥರ ಕೆಲಸವಲ್ಲ ಎಂದು ಮೇಲಿನ ಮನೆಯವರು ಆಡಿಕೊಂಡಿದ್ದರು. ಜವರಮ್ಮ ಬೇಕೆಂದೇ ಕಟ್ಟಿದ್ದಳು. ಅವಳ ಅಪ್ಪ, ಅಜ್ಜ ಇಬ್ಬರೂ ಬೇರೆಯವರ ತೋಟದಲ್ಲಿ ದುಡಿದು, ಬೇರೆಯವರ ಕೂಲಿ ಲೈನ್ ಮನೆಯಲ್ಲೇ ಕಣ್ಣು ಮುಚ್ಚಿದವರು. ಹಕ್ಕುಪತ್ರ ಬಂದು, ಸರ್ವೆಯವರು ಬಂದು, ಆ ಕಲ್ಲು ನೆಟ್ಟ ದಿನ ಅವಳು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದಳು. ಕಲ್ಲಿನಿಂದ ಕೆಳಗೆ ಅರ್ಧ ಎಕರೆ ಅವಳದು. ಕಾಫಿ ಗಿಡ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು, ಒಂದು ತಾರಸಿ ಮನೆ. ಕಲ್ಲಿನಿಂದ ಮೇಲೆ ಸಾಹುಕಾರ ಷಡಕ್ಷರಿಯವರ ಎಸ್ಟೇಟು. ದಿನಾ ಬಟ್ಟೆ ಹರವುವಾಗ ಕಲ್ಲು ಕಣ್ಣಿಗೆ ಬೀಳಬೇಕು, ಅಷ್ಟೇ ಅವಳ ಲೆಕ್ಕ.

ಈಗ ನೋಡಿದರೆ ಕಲ್ಲು ಹತ್ತಿರ ಬಂದಿದೆ. ಹಗ್ಗ ಉದ್ದವಾಗಿಲ್ಲ, ನೈಲಾನ್ ಹಗ್ಗ ಎಲ್ಲಿಂದ ಉದ್ದವಾಗುತ್ತದೆ? ಕಲ್ಲೇ ಕೆಳಗಿಳಿದಿದೆ. ಕಲ್ಲು ಕೆಳಗಿಳಿದರೆ ಯಾರ ಜಾಗ ದೊಡ್ಡದಾಗುತ್ತದೆ ಎನ್ನುವುದಕ್ಕೆ ಸ್ಕೂಲಿಗೆ ಹೋಗಬೇಕಾಗಿಲ್ಲ.

"ಸಾವ್ಕಾರ್ರು ಕಲ್ಲು ಸರಿಸ್ತಿದಾರೆ," ಎಂದಳು.

"ಇರ್ಬೋದು," ಎಂದ ಗುರುವಯ್ಯ.

ಜವರಮ್ಮನಿಗೆ ಎಲ್ಲವೂ ಒಂದೊಂದಾಗಿ ಹೊಂದಿಕೊಂಡು ಬಂತು. ಬೇಸಿಗೆಯಲ್ಲಿ ಸಾಹುಕಾರರು ಗಡಿಯ ಮೇಲುಗಡೆ ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆಸಿದ್ದರು. ಮಳೆ ನೀರು ಹರಿದು ಹೋಗದೆ ಅಲ್ಲೇ ನಿಂತು ಇಂಗಲಿ ಎಂದು ತೆಗೆಯುವ ತೊಟ್ಟಿಲಿನಂಥ ಉದ್ದನೆ ಗುಂಡಿಗಳವು. ಎಲ್ಲ ತೋಟದಲ್ಲೂ ತೆಗೆಯುತ್ತಾರೆ. ಆದರೆ ಈ ಕಡಿದಾದ ಗುಡ್ಡದಲ್ಲಿ, ಅದೂ ಗಡಿಯ ಪಕ್ಕದಲ್ಲೇ ಯಾಕೆ? ಗುಂಡಿ ತೋಡುವ ನೆಪದಲ್ಲಿ ಆಳುಗಳನ್ನು ಬಿಟ್ಟು ಕಲ್ಲು ಅಲ್ಲಾಡಿಸೋಕೆ! ತಾನೂ ಅದೇ ಬೇಸಿಗೆಯಲ್ಲಿ ಜೆಸಿಬಿ ತರಿಸಿ, ಮನೆಯ ಹಿಂದಿನ ಗುಡ್ಡದ ದರೆಯನ್ನು ಗೋಡೆಯಂತೆ ನೆಟ್ಟಗೆ ಕಡಿಸಿ, ಕಾಫಿ ಒಣಗಿಸಲು ಚೊಕ್ಕವಾದ ಕಣ ಮಾಡಿಸಿದ್ದು ಅವಳಿಗೆ ಈ ವಿಷಯಕ್ಕೆ ಸಂಬಂಧಪಟ್ಟದ್ದು ಎಂದು ಅನಿಸಲೇ ಇಲ್ಲ. ಅದು ಅವಳ ಸ್ವಂತ ಜಾಗ, ಅವಳ ಸ್ವಂತ ಕಣ.

ಇಷ್ಟಕ್ಕೇ ನಿಂತಿದ್ದರೆ ಮಾತು ಅಲ್ಲಿಗೇ ತಣ್ಣಗಾಗುತ್ತಿತ್ತೇನೋ. ಆದರೆ ಒಂದು ಮಂಗಳವಾರ ಬೆಳಿಗ್ಗೆ ಮುಂಬಾಗಿಲು ತೆಗೆಯಲು ಹೋದ ಜವರಮ್ಮ ಕಿಟಾರನೆ ಕಿರುಚಿದಳು. ಹೊಸ್ತಿಲಿನ ಒಳಮಗ್ಗುಲಿಗೆ ಒರಗಿಕೊಂಡು ಒಂದು ನಿಂಬೆಹಣ್ಣು ಕೂತಿತ್ತು.

ನಿಂಬೆಹಣ್ಣು ಹೊಸ್ತಿಲಿಗೆ ಬಂತೆಂದರೆ ಮಾಟವೇ. ಅದರಲ್ಲಿ ಎರಡನೇ ಮಾತಿಲ್ಲ. ಬಾಗಿಲು ಹಾಕಿದ್ದಾಗ ಒಳಗೆ ಹೇಗೆ ಬಂತು? ಕಿಟಕಿಯಿಂದ ಉರುಳಿಸಿದ್ದಾರೆ. ಮೊದಲು ಜಾಗ, ಈಗ ಜೀವ. ಅವಳು ಹಣ್ಣನ್ನು ಕೈಯಲ್ಲಿ ಮುಟ್ಟದೆ ಕಡ್ಡಿ ಪೊರಕೆಯಿಂದ ಮೊರಕ್ಕೆ ತಳ್ಳಿಕೊಂಡು, ಹಿತ್ತಿಲಿನಿಂದ ಗುಡ್ಡ ಹತ್ತಿ, ಗಡಿಕಲ್ಲಿನ ಹತ್ತಿರ ನಿಂತು, "ಕಳ್ಸಿದೋರ ಮನೆಗೇ ಹೋಗು," ಎಂದು ಮೊರ ಬೀಸಿ ಮೇಲಕ್ಕೆ ಎಸೆದಳು. ಹಣ್ಣು ಕಾಫಿ ಗಿಡದ ಬುಡಕ್ಕೆ ಬಿದ್ದು, ಒಂದು ಕ್ಷಣ ನಿಂತು, ಉರುಳಿಕೊಂಡು ಬಂದು ಅವಳ ಕಾಲಿಗೇ ತಾಗಿತು. ಸಾಮಾನ್ಯ ಮಾಟ ಅಲ್ಲ ಇದು! ಮತ್ತೆ ಮೊರಕ್ಕೆ ತಳ್ಳಿಕೊಂಡು, ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಹೇಳುತ್ತಾ ಇನ್ನೂ ಜೋರಾಗಿ ಎಸೆದಳು. ಈ ಸಲ ಅದು ಹೋಗಿ ತೊಟ್ಟಿಲು ಗುಂಡಿಯ ನೀರಿಗೆ ಬಿತ್ತು.

ಗುಂಡಿಯ ಆಚೆ ಸಾಹುಕಾರರ ಹೆಂಡತಿ ಮುದ್ದಮ್ಮ ಕೊಡೆ ಹಿಡಿದುಕೊಂಡು ನಿಂತಿದ್ದರು. ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯ ಆಳುಗಳನ್ನು ನೋಡಲು ಬಂದವರು ಅವರು. ಬೆಳ್ಳಂಬೆಳಿಗ್ಗೆ ತಲೆ ಕೆದರಿಕೊಂಡು, ಏನೇನೋ ಮಣಮಣ ಹೇಳಿಕೊಂಡು, ತಮ್ಮ ತೋಟಕ್ಕೆ ನಿಂಬೆಹಣ್ಣು ಎಸೆಯುವ ಹೆಂಗಸನ್ನು ಕಂಡರೆ ಯಾರಿಗಾದರೂ ಏನನಿಸಬೇಕು?

"ಅಯ್ಯೋ ಶಿವನೇ! ನಮ್ ತೋಟಕ್ಕೆ ಮಾಟ ಮಾಡ್ತಿದೀಯಾ ಜವರಮ್ಮ?"

"ಮಾಡಿದೋರು ನೀವು, ವಾಪಸ್ ಕಳಿಸ್ತಿರೋಳು ನಾನು!"

ಆಮೇಲೆ ಹಾರಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಮರದ ಮೇಲಿದ್ದ ಆಳುಗಳು ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆರಾಮಾಗಿ ಕೂತು ಕೇಳಿದರು. ಗಲಾಟೆಗೆ ಷಡಕ್ಷರಿಯವರೂ ಇಳಿದು ಬಂದರು. ಅವರು ಮೆದು ಮನುಷ್ಯ, ಬೆಳಿಗ್ಗೆ ಲಿಂಗಪೂಜೆಯಾಗದೆ ಬಾಯಿಗೆ ಹನಿ ಕಾಫಿ ಬಿಡದವರು. ಜವರಮ್ಮ ಕಲ್ಲಿನ ವಿಷಯ ಎತ್ತಿದಾಗ ಅವರಿಗೆ ನಗು ಬಂತು.

"ಎಂತ ಮಾತು ಆಡ್ತೀಯ? ನಿನ್ನ ಎರಡು ಗೇಣು ಜಾಗ ತಗೊಂಡು ನಾನು ಎಂತ ಮಾಡ್ಲಿ?"

ಆ ನಗು ಜವರಮ್ಮನ ಎದೆಗೆ ನಾಟಿತು. ಎರಡು ಗೇಣು ಜಾಗ! ಎರಡು ತಲೆಮಾರು ಕಾದಿದ್ದ ಎರಡು ಗೇಣು. ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಗುರುವಯ್ಯ ಕೆಳಗಿನಿಂದ "ಬ್ಯಾಡ ಕಣೇ, ಬ್ಯಾಡ" ಎಂದು ಕೂಗಿದ್ದು ಕಿವಿಗೆ ಬೀಳಲಿಲ್ಲ.

"ಧರ್ಮಸ್ಥಳದ ಸ್ವಾಮಿ ಆಣೆ ಸಾವ್ಕಾರ್ರೇ. ಈ ಕಲ್ಲು ಸರಿಸಿದ್ದು ಯಾರು ಅಂತ ಅವನೇ ತೋರಿಸೋ ತನಕ ನಿಮ್ಮನೆಗೂ ನಮ್ಮನೆಗೂ ಮಾತಿಲ್ಲ, ನೀರಿಲ್ಲ, ಬೆಂಕಿಯಿಲ್ಲ. ಬಾಯಿ ಬಿಟ್ಟೋರ ಮನೆ ಉಳಿಯಲ್ಲ."

ಮರದ ಮೇಲಿನ ಆಳುಗಳು ಒಬ್ಬೊಬ್ಬರಾಗಿ ಕೆಳಗಿಳಿದರು. ಆ ಸೀಮೆಯವರಿಗೆ ಆಣೆ ಹುಡುಗಾಟವಲ್ಲ. ಪೊಲೀಸ್ ಕಂಪ್ಲೇಂಟಾದರೆ ಸ್ಟೇಷನ್ನಿಗೆ ಹೋಗಿ ವಾಪಸ್ ತೆಗೆದುಕೊಳ್ಳಬಹುದು. ಆಣೆಯನ್ನು ಹಾಗೆಲ್ಲ ತೆಗೆಯಲಾಗದು, ಎರಡೂ ಕಡೆಯವರು ಕ್ಷೇತ್ರಕ್ಕೆ ಹೋಗಿ ತಪ್ಪುಕಾಣಿಕೆ ಇಟ್ಟು ಬಿಡಿಸಿಕೊಂಡು ಬರಬೇಕು. ಅಲ್ಲಿಯವರೆಗೆ ಒಬ್ಬರ ಮನೆಗೆ ಬೆಂಕಿ ಬಿದ್ದರೂ ಇನ್ನೊಬ್ಬರು ಕೂಗಿ ಕರೆಯುವಂತಿಲ್ಲ. ಷಡಕ್ಷರಿಯವರ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ತೆರೆದ ಬಾಯಿಯನ್ನು ಮುಚ್ಚಿಕೊಂಡು, ಹೆಂಡತಿಯ ಕೈ ಹಿಡಿದು ಹತ್ತಿ ಹೋದರು. ಕಳ್ಳನಿಗೆ ಭಯ ಬಿತ್ತು ಎಂದು ಜವರಮ್ಮ ಮನೆಗೆ ಬಂದು ಹೊಟ್ಟೆ ತುಂಬಾ ಉಂಡಳು.

ಭಾನುವಾರ ಮಗಳು ಧನ್ಯಶ್ರೀ ಬಂದಳು. ಕಳಸದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಹುಡುಗಿ, ಅಲ್ಲೇ ರೂಮು ಮಾಡಿಕೊಂಡಿದ್ದಳು. ತಾಯಿ ಕಥೆಯನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವಳು ಕೇಳಿದ್ದು ಒಂದೇ.

"ಅವ್ವ, ಉಪ್ಪಿನಕಾಯಿಗೆ ತಂದ ನಿಂಬೆಹಣ್ಣು ಎಲ್ಲಿಟ್ಟಿದೀಯ?"

ಅಡುಗೆಮನೆಯ ಮೂಲೆಯಲ್ಲಿ, ನೆಲದ ಮೇಲೆ, ಬುಟ್ಟಿಯಲ್ಲಿ. ಬುಟ್ಟಿಯ ಒಂದು ಮಗ್ಗುಲನ್ನು ಇಲಿ ಕಡಿದು ದೊಡ್ಡ ಕಿಂಡಿಯಾಗಿತ್ತು. ಧನ್ಯಶ್ರೀ ಒಂದು ಹಣ್ಣು ತೆಗೆದು ಆ ಕಿಂಡಿಯ ಮುಂದೆ ನೆಲಕ್ಕಿಟ್ಟಳು. ಹಣ್ಣು ಯೋಚನೆ ಮಾಡುವವರ ಹಾಗೆ ಸ್ವಲ್ಪ ಹೊತ್ತು ಕೂತು, ಮೆಲ್ಲಗೆ ಹೊರಳಿ, ಅಡುಗೆಮನೆಯ ಬಾಗಿಲು ದಾಟಿ, ನಡುಮನೆಯಲ್ಲಿ ಓಟ ಕಿತ್ತು, ಮುಂಬಾಗಿಲ ಹೊಸ್ತಿಲಿಗೆ ಟಕ್ ಎಂದು ಹೊಡೆದು ನಿಂತಿತು. ಚಾಪೆಯ ಮೇಲಿದ್ದ ಗುರುವಯ್ಯ ಬಿದ್ದು ಬಿದ್ದು ನಕ್ಕ.

"ನೆಲ ವಾಟ ಆಗಿದೆ, ಅಷ್ಟೇ," ಎಂದಳು ಧನ್ಯಶ್ರೀ. "ಮಾಟ ಅಲ್ಲ, ವಾಟ."

"ಮೊನ್ನೆ ಮೊನ್ನೆ ತನಕ ಉರುಳ್ತಿರ್ಲಿಲ್ವಲ್ಲ?"

"ಶಿವಯ್ಯ ಮೇಸ್ತ್ರಿ ತಳಪಾಯ ನೆಟ್ಟಗೆ ತುಂಬಿಸಿಲ್ಲ ಅವ್ವ. ಮುಂದಿನ ಕಡೆ ಕೂತಿದೆ."

ಜವರಮ್ಮನಿಗೆ ಇದು ಮನಸ್ಸಿಗೆ ಹಿಡಿಸಿತು. ಶಿವಯ್ಯ ಮೇಸ್ತ್ರಿಯ ಮೇಲೆ ಅವಳಿಗೆ ಮೊದಲಿಂದಲೂ ಅನುಮಾನವಿತ್ತು, ಸಿಮೆಂಟಿನ ವಿಷಯದಲ್ಲಿ. ಧನ್ಯಶ್ರೀ ಮಾತ್ರ ಟೀಚರಮ್ಮ, ಶುರು ಮಾಡಿದ ಪಾಠ ನಿಲ್ಲಿಸಲಿಲ್ಲ. ಬಟ್ಟೆ ಒಗೆಯುವ ಹಲಗೆ ತಂದು ಓರೆಯಾಗಿ ಗೋಡೆಗೆ ಒರಗಿಸಿ, ಅದರ ಮೇಲೆ ಒಣಗಿದ ಸೋಪಿನ ಬಿಲ್ಲೆ ಇಟ್ಟಳು. ಬಿಲ್ಲೆ ಅಲ್ಲಾಡದೆ ಕೂತಿತು.

"ಭೂಮಿ ಎಲ್ಲದನ್ನೂ ಕೆಳಗೆ ಎಳೀತಾನೇ ಇರುತ್ತೆ ಅವ್ವ, ಒಂದು ಕ್ಷಣ ಬಿಡಲ್ಲ. ನಿಂಬೆಹಣ್ಣು ದುಂಡಗಿದೆ, ಉರುಳಿಬಿಡ್ತು. ಈ ಸೋಪು ಯಾಕೆ ನಿಂತಿದೆ? ಹಲಗೆಗೂ ಅದಕ್ಕೂ ಉಜ್ಜಾಟ ಇದೆ, ಅದು ಹಿಡ್ಕೊಂಡಿದೆ. ಪುಸ್ತಕದಲ್ಲಿ ಘರ್ಷಣೆ ಅಂತಾರೆ. ಈಗ ನೋಡು." ಅವಳು ಚೊಂಬಿನಿಂದ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಬಿಲ್ಲೆ ಕಂಡೂ ಕಾಣದ ಹಾಗೆ ಸರಿಯಿತು. ಮತ್ತಷ್ಟು ಸರಿಯಿತು. ಕೊನೆಗೆ ಸರ್ರನೆ ಜಾರಿ ಗುರುವಯ್ಯನ ಚಾಪೆಯ ಮೇಲೆ ಬಿತ್ತು. "ಎಳೆತ ಅಷ್ಟೇ ಇದೆ. ಹಿಡಿತ ಹೋಯ್ತು."

"ಆಯ್ತು ಬಿಡು, ಗೊತ್ತಾಯ್ತು."

"ಗೊತ್ತಾದ್ರೆ ಆಣೆ ಬಿಡಿಸ್ಕೊಂಡು ಬನ್ನಿ. ಪಾಪ, ಅವರೇನು ಮಾಡಿದ್ರು?"

"ನಿಂಬೆಹಣ್ಣು ಉರುಳ್ತು. ಕಲ್ಲು ದುಂಡಗಿದೆಯೇನೇ ಉರುಳೋಕೆ? ಅರ್ಧ ಆಳು ಮಣ್ಣಲ್ಲಿ ಹೂತಿದೆ," ಎಂದಳು ಜವರಮ್ಮ. ಮಗಳು ಗಡಿಯಾರ ನೋಡಿಕೊಂಡಳು. ಕೊನೆಯ ಬಸ್ಸಿಗೆ ಹೊತ್ತಾಗಿತ್ತು, ಹೊರಟಳು. ನಿಜ ಹೇಳಬೇಕೆಂದರೆ ನಿಂಬೆಹಣ್ಣಿನ ವಿಷಯದಲ್ಲಿ ಜವರಮ್ಮನಿಗೆ ನಾಚಿಕೆಯಾಗಿತ್ತು. ಅದಕ್ಕೇ ಕಲ್ಲಿನ ವಿಷಯದಲ್ಲಿ ತಾನು ಸರಿ ಎಂದು ತೋರಿಸಲೇಬೇಕಾಗಿತ್ತು.

ಅವಳೊಂದು ಉಪಾಯ ಮಾಡಿದಳು. ಗಡಿಕಲ್ಲಿನಿಂದ ನೇರ ಮೇಲಕ್ಕೆ, ತೊಟ್ಟಿಲು ಗುಂಡಿಗಿಂತ ಈಚೆಗೆ, ಒಂದು ಹಳೆಯ ಹಲಸಿನ ಮರವಿತ್ತು. ಹೊಲಿಗೆಯ ಕಪ್ಪು ದಾರ ತೆಗೆದುಕೊಂಡು ಕಲ್ಲಿನಿಂದ ಮರಕ್ಕೆ ಬಿಗಿಯಾಗಿ, ಹುಲ್ಲಿನ ಮರೆಯಲ್ಲಿ ಕಾಣದಂತೆ ಕಟ್ಟಿದಳು. ಕಲ್ಲನ್ನು ಯಾರು ಒಂದು ಗೇಣು ಕೆಳಗೆ ಸರಿಸಿದರೂ ದಾರ ತುಂಡಾಗಲೇಬೇಕು. ತುಂಡಾದ ದಾರ ತೆಗೆದುಕೊಂಡು ಹೋಗಿ ಧರ್ಮಸ್ಥಳದಲ್ಲೇ ಇಡುತ್ತೇನೆ ಎಂದುಕೊಂಡಳು. ಬಟ್ಟೆ ಹಗ್ಗವನ್ನೂ ಬಿಚ್ಚಿ, ಮೀಟಿದರೆ ಸದ್ದು ಬರುವಷ್ಟು ಬಿಗಿದು ಕಟ್ಟಿದಳು.

ಆ ವಾರ ಮಳೆ ಜಡಿಯಿತು. ಹಗಲೇ ದೀಪ ಹಚ್ಚಬೇಕಾದಂಥ ಮಳೆ. ಗುರುವಯ್ಯನಿಗೆ ಜ್ವರ ಬಂದು ಕಂಬಳಿ ಹೊದ್ದು ಮಲಗಿದ. ಹಿತ್ತಿಲ ಬಾಗಿಲು ಹಾಕಲು ಬರದಷ್ಟು ಬಿಗಿಯಾಯಿತು. ಮರ ಉಬ್ಬಿದೆ ಎಂದುಕೊಂಡು ಜವರಮ್ಮ ಅದನ್ನು ಅರ್ಧಕ್ಕೇ ಬಿಟ್ಟಳು.

ಒಂದು ಬೆಳಿಗ್ಗೆ, ಗಂಜಿ ಕಾಯಿಸಿ ಗಂಡನಿಗೆ ಕುಡಿಸುವ ಹೊತ್ತಿಗೆ ಮಳೆ ಸ್ವಲ್ಪ ಬಿಟ್ಟಿತು. ಅವಳು ಹಿತ್ತಿಲಿಗೆ ಇಣುಕಿದಳು. ಬಟ್ಟೆ ಹಗ್ಗ ನೆಲಕ್ಕೆ ಬಿದ್ದು ಕೆಸರಿನಲ್ಲಿ ಹೊರಳುತ್ತಿತ್ತು.

"ಸಿಕ್ಕಿಬಿದ್ರು!" ಎಂದು ಕೂಗಿದಳು. ಅವಳಿಗಾದ ಸಂತೋಷಕ್ಕೆ ಮಿತಿಯಿರಲಿಲ್ಲ. ಇಷ್ಟು ಮಳೆಯಲ್ಲಿ, ಎಲ್ಲರೂ ಒಳಗಿರುವಾಗ, ಕಳ್ಳರು ಕೈಚಳಕ ತೋರಿಸಿದ್ದಾರೆ. ಸೀರೆ ಎತ್ತಿ ಕಟ್ಟಿ, ಕೆಸರಿನಲ್ಲಿ ಜಾರುತ್ತಾ, ಕಾಫಿ ಗಿಡ ಹಿಡಿದುಕೊಂಡು ಹತ್ತಿದಳು. ಕಲ್ಲಿನ ಬುಡದಲ್ಲಿ ಕೂತು ಹುಲ್ಲು ಸರಿಸಿದಳು.

ದಾರ ತುಂಡಾಗಿರಲಿಲ್ಲ.

ಕಲ್ಲಿನಿಂದ ಮರದವರೆಗೆ, ಅವಳು ಕಟ್ಟಿದ ಹಾಗೇ, ಬಿಗಿಯಾಗಿ, ಮಳೆಹನಿ ಪೋಣಿಸಿಕೊಂಡು ನಿಂತಿತ್ತು. ಸರಿಸಿ ಆಮೇಲೆ ಹೊಸ ದಾರ ಕಟ್ಟಿರಬೇಕು ಎಂದು ಗಂಟು ನೋಡಿದಳು. ಅವಳದೇ ಗಂಟು, ಹೂ ಕಟ್ಟುವ ಎರಡು ಸುತ್ತಿನ ಗಂಟು. ಹಗ್ಗ ನೋಡಿದರೆ ಕಲ್ಲು ಕೆಳಗೆ ಬಂದಿದೆ. ದಾರ ನೋಡಿದರೆ ಕಲ್ಲು ಕದಲಿಲ್ಲ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಎಂದು ಹಗ್ಗವನ್ನೂ ದಾರವನ್ನೂ ಒಂದರ ನಂತರ ಒಂದನ್ನು ದುರುಗುಟ್ಟಿಕೊಂಡು ನೋಡಿದಳು. ಆಮೇಲೆ ಅವಳ ಕಣ್ಣು ಮರದ ಕಡೆ ಹೋಯಿತು.

ಎರಡೂ ಸುಳ್ಳು ಹೇಳುತ್ತಿರಲಿಲ್ಲ. ಕಲ್ಲೂ ಕೆಳಗೆ ಬಂದಿದೆ, ಜೊತೆಗೆ ಹಲಸಿನ ಮರವೂ ಬಂದಿದೆ. ಕಲ್ಲನ್ನಾದರೆ ನಾಲ್ಕು ಆಳು ಸೇರಿ ಸರಿಸಬಹುದು. ಅಪ್ಪಿದರೆ ಎರಡು ಕೈಗೆ ಸಿಗದ ಮರವನ್ನು ಯಾವ ಸಾಹುಕಾರ ಸರಿಸುತ್ತಾನೆ?

ಓರೆ ಹಲಗೆ, ನೀರು, ಸೋಪಿನ ಬಿಲ್ಲೆ. ತಾನು ಈಗ ಕೂತಿರುವುದು ಸೋಪಿನ ಮೇಲೆ. ಕೆಳಗೆ ನೋಡಿದಳು. ಜೆಸಿಬಿ ಕಡಿದ ದರೆಯ ಬುಡದಿಂದ ಕೆಂಪು ನೀರು ಬುಗ್ಗೆಯಂತೆ ಏಳುತ್ತಿತ್ತು. ಕಣದ ಸಿಮೆಂಟು ಉಬ್ಬಿ ಬಿರಿದಿತ್ತು. ಅದರ ಪಕ್ಕದಲ್ಲಿ ಅವಳ ಮನೆ. ಮನೆಯೊಳಗೆ ಗುರುವಯ್ಯ.

ಅವಳು ಇಳಿದದ್ದು ಕಾಲಿನಿಂದಲ್ಲ, ಅರ್ಧ ದಾರಿ ಕೂತೇ ಜಾರಿದಳು. "ಏಳ್ರೀ! ಗುಡ್ಡ ಬರ್ತಿದೆ!" ಗುರುವಯ್ಯ ಜ್ವರದಲ್ಲಿ "ಇರ್ಬೋದು" ಎಂದು ಮಗ್ಗುಲಾದ. ಅವಳು ಕಂಬಳಿ ಸಮೇತ ಎಳೆದು, ಹೆಗಲು ಕೊಟ್ಟು, ರಸ್ತೆಯ ತನಕ ತಂದು ಮೋರಿಯ ಕಟ್ಟೆಯ ಮೇಲೆ ಕೂರಿಸಿದಳು. ಆಮೇಲೆ ಏದುಸಿರು ಬಿಡುತ್ತಾ ಸಾಹುಕಾರರ ಗೇಟಿಗೆ ಓಡಿದಳು. ಅದೇ ಗುಡ್ಡದ ನೆತ್ತಿಯಲ್ಲಿ ಅವರ ಮನೆ. ಗೇಟು ಹಿಡಿದ ಮೇಲೆ ಆಣೆ ನೆನಪಾಯಿತು. ಬಾಯಿ ಬಿಟ್ಟವರ ಮನೆ ಉಳಿಯುವುದಿಲ್ಲ. ಅವಳೇ ಇಟ್ಟ ಆಣೆ, ಅವಳದೇ ಮಾತು.

"ಸಾವ್ಕಾರ್ರೇ! ಮುದ್ದಮ್ನೋರೇ! ಹೊರಗೆ ಬನ್ನಿ, ಗುಡ್ಡ ಬರ್ತಿದೆ!"

ಷಡಕ್ಷರಿಯವರು ಬರಿಗಾಲಿನಲ್ಲಿ ಜಗಲಿಗೆ ಬಂದರು. ಅವಳ ಮುಖ ಒಂದು ಸಲ ನೋಡಿದರು. ಎಲ್ಲಿ, ಹೇಗೆ, ನಿನಗೆ ಹೇಗೆ ಗೊತ್ತು ಎಂದು ಒಂದು ಮಾತು ಕೇಳಲಿಲ್ಲ. ಹೆಂಡತಿಯನ್ನು ಕೂಗಿ, ಪಿಕಪ್ಪಿನ ಕೀ ತೆಗೆದುಕೊಂಡು, ಶೆಡ್ಡಿನಲ್ಲಿದ್ದ ಆಳುಗಳನ್ನು ಹಿಂದೆ ಹತ್ತಿಸಿಕೊಂಡು, ಕೆಳಗೆ ಬಂದು ಗುರುವಯ್ಯನನ್ನು ಎತ್ತಿ ಮುಂದಿನ ಸೀಟಿಗೆ ಹಾಕಿದರು. ಹಳ್ಳದಾಚೆಯ ಶಾಲೆಯ ಮುಂದೆ ಹೋಗಿ ಗಾಡಿ ನಿಲ್ಲಿಸಿದರು.

ಮಧ್ಯಾಹ್ನದ ಹೊತ್ತಿಗೆ ಅದು ಬಂತು. ಶಾಲೆಯ ಜಗಲಿಯಿಂದ ಎಲ್ಲರೂ ನೋಡಿದರು. ಮೊದಲು ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ಆಮೇಲೆ ಹಲಸಿನ ಮರ ನಿಂತ ಭಂಗಿಯಲ್ಲೇ, ಒಂದು ಎಲೆ ಓರೆಯಾಗದೆ, ನೆಟ್ಟಗೆ ಕೆಳಗೆ ನಡೆದು ಬಂತು. ಕಾಫಿ ಗಿಡಗಳು ಸಾಲು ತಪ್ಪದೆ ಅದರ ಹಿಂದೆ ಬಂದವು. ಮರ ಜವರಮ್ಮನ ತಾರಸಿಯ ಹತ್ತಿರ ಬಂದು ಸ್ವಲ್ಪ ತಡೆದ ಹಾಗೆ ಕಂಡಿತು. ಮರುಕ್ಷಣ ಮನೆ ಇರಲಿಲ್ಲ, ಕಣ ಇರಲಿಲ್ಲ, ಕಲ್ಲು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮೇಲೆ ಸಾಹುಕಾರರ ಮನೆಯ ಅರ್ಧ ಗೋಡೆ ಗಾಳಿಯಲ್ಲಿ ನಿಂತಿತ್ತು. ಮುದ್ದಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಜವರಮ್ಮನಿಗೆ ಅಳು ಬರಲಿಲ್ಲ. ಅವಳ ತಲೆಯಲ್ಲಿ ಬೆಳಗಿನಿಂದ ಒಂದು ಮುಳ್ಳು ಆಡುತ್ತಿತ್ತು. ಅವಳು ಷಡಕ್ಷರಿಯವರ ಎದುರಿಗೆ ಹೋಗಿ ನಿಂತಳು.

"ಗುಡ್ಡ ಬರ್ತಿದೆ ಅಂದೆ, ಹೊರಟೇ ಬಿಟ್ರಿ. ಒಂದು ಮಾತು ಕೇಳ್ಲಿಲ್ಲ. ನಿಮಗೆ ಮೊದ್ಲೇ ಗೊತ್ತಿತ್ತು."

ಷಡಕ್ಷರಿಯವರು ತಲೆ ಎತ್ತಲಿಲ್ಲ.

"ನೀನು ಆಣೆ ಹಾಕಿದ ಮಾರನೇ ದಿನ ನೋಡ್ದೆ. ಗುಂಡಿ ಸಾಲಿನ ಮೇಲೆ ಉದ್ದಕ್ಕೂ ನೆಲ ಬಿರುಕು ಬಿಟ್ಟಿತ್ತು. ಕೈ ಹೋಗುವಷ್ಟು. ಮಣ್ಣು ತುಂಬಿಸ್ದೆ. ಮತ್ತೆ ಬಾಯಿ ಬಿಡ್ತು. ಮೇಲೆ ನನ್ನ ಗುಂಡಿ ಗುಡ್ಡಕ್ಕೆ ನೀರು ಕುಡಿಸ್ತು, ಕೆಳಗೆ ನಿನ್ನ ಜೆಸಿಬಿ ಅದರ ಕಾಲು ಕಡೀತು. ದಿನಾ ಹೋಗಿ ನೋಡ್ತಿದ್ದೆ ಜವರಮ್ಮ."

"ಹೇಳ್ಬೋದಿತ್ತಲ್ಲ! ನನ್ ಗಂಡ ಒಳಗೆ ಮಲಗಿದ್ದ!" ಅವಳ ಕೂಗಿಗೆ ಶಾಲೆಯ ಜಗಲಿಯೆಲ್ಲ ತಿರುಗಿ ನೋಡಿತು. ಅವಳಿಗೆ ಆ ಮನುಷ್ಯನನ್ನು ಹಿಡಿದು ಅಲ್ಲಾಡಿಸಬೇಕು ಅನಿಸಿತು. "ಜೀವಕ್ಕಿಂತ ಆಣೆ ದೊಡ್ಡದು ಅಂತ ಬಾಯಿ ಮುಚ್ಕೊಂಡು ಕೂತ್ರಾ?"

"ಹೆದರ್ಕೊಂಡೆ. ತಪ್ಪು ನಂದೇ." ಅವರು ಈಗ ತಲೆ ಎತ್ತಿ ಅವಳನ್ನು ನೋಡಿದರು. "ಒಂದು ಮಾತು ಕೇಳ್ತೀನಿ. ಆಣೆ ಮುರಿದೇ ಬಂದೆ ಅಂತಿಟ್ಕೋ. ಗುಡ್ಡ ಬರುತ್ತೆ, ಮನೆ ಖಾಲಿ ಮಾಡು ಜವರಮ್ಮ ಅಂತ ನಿನ್ನ ಬಾಗ್ಲಲ್ಲಿ ನಿಂತು ಹೇಳ್ದೆ ಅಂತಿಟ್ಕೋ. ನಂಬ್ತಿದ್ಯಾ?"

ಜವರಮ್ಮ ಬಾಯಿ ತೆರೆದಳು. ನಂಬುತ್ತಿದ್ದೆ ಎನ್ನಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಆದರೆ ತಾನು ಏನು ಹೇಳುತ್ತಿದ್ದೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಲ್ಲು ಸರಿಸಿ ಸಾಕಾಗಲಿಲ್ಲ ಅಂತ ಈಗ ಮನೆಯನ್ನೇ ಬಿಡಿಸೋಕೆ ಬಂದ್ರಾ ಎನ್ನುತ್ತಿದ್ದಳು. ಹಟಕ್ಕೆ ಬಿದ್ದು ಅಲ್ಲೇ ಕೂತಿರುತ್ತಿದ್ದಳು, ಜ್ವರದ ಗಂಡನನ್ನು ಪಕ್ಕದಲ್ಲಿ ಮಲಗಿಸಿಕೊಂಡು. ಒಳಗೆ ಶಾಲೆಯ ಬೆಂಚಿನ ಮೇಲೆ ಗುರುವಯ್ಯ ಕೆಮ್ಮಿದ.

"ಇಲ್ಲ," ಎಂದಳು ಜವರಮ್ಮ. "ನಂಬ್ತಿರ್ಲಿಲ್ಲ."

ಹೇಳಿ, ಸಾಹುಕಾರರು ಕೂತಿದ್ದ ಜಗಲಿಯ ಅದೇ ಮೆಟ್ಟಿಲಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.